ಅಮ್ಮನ ಕೋಣೆಯ ಕಿಟಕಿ ಹಾಕಿದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಮ್ಮಪ್ಪ ಎರಡನ್ನೂ ಒಂದರ ಬೆನ್ನಿಗೊಂದು ಮಾಡಿ ನೋಡಿದರು. ಅಕ್ಕನ ಮದುವೆ ಹೇಗೋ ಸಲೀಸಾಗಿ ಆಗಿಹೋಯಿತು. ಮನೆ ಮಾತ್ರ ಒಂದು ಕಿಟಕಿಯ ಹತ್ತಿರ ಬಂದು ನಿಂತುಬಿಟ್ಟಿತು.

ಎಪ್ಪತ್ತರ ದಶಕದ ಮಾತು. ನಾವಾಗ ಹಲಸೂರಿನ ಒಂದು ವಠಾರದಲ್ಲಿದ್ದೆವು. ಮದುವೆಯಾಗಿ ಬಂದಾಗಿನಿಂದ ಅಮ್ಮನ ಪಾಲಿಗೆ ಅಲ್ಲಿ ಇದ್ದದ್ದು ಒಂದೇ ಕಿಟಕಿ. ಅದನ್ನು ತೆರೆದರೆ ಮೊಳದಾಚೆ ಪಕ್ಕದವರ ಬಚ್ಚಲಮನೆಯ ಗೋಡೆ. ಪಕ್ಕದವರು ಸ್ನಾನಕ್ಕೆ ಹೋದರೋ ಇಲ್ಲವೋ ಎಂಬುದನ್ನು ಬಿಟ್ಟರೆ ಲೋಕದ ಇನ್ಯಾವ ಸುದ್ದಿಯೂ ಅದರಿಂದ ಒಳಗೆ ಬರುತ್ತಿರಲಿಲ್ಲ.

ಅಪ್ಪ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಇಂದಿರಾನಗರದಲ್ಲಿ ಸೈಟು ಸಿಕ್ಕಾಗ ಮನೆಯ ನಕ್ಷೆಯನ್ನೂ ತಾವೇ ಬರೆದರು. ಕಿಟಕಿಗಳೆಲ್ಲ ಕಬ್ಬಿಣದವು, ಮಬ್ಬು ಗಾಜು, ನೆಲದಿಂದ ಎದೆಮಟ್ಟ. ಆಗ ಅದೇ ಫ್ಯಾಷನ್ನು. ಗೆದ್ದಲು ಹಿಡಿಯುವುದಿಲ್ಲ, ಮಳೆಗೆ ಉಬ್ಬುವುದಿಲ್ಲ, ದಾರಿಯಲ್ಲಿ ಹೋಗುವವರಿಗೆ ಒಳಗಿನದು ಕಾಣುವುದಿಲ್ಲ ಎಂದು ಅಪ್ಪ ವಿವರಿಸಿದರು. ಒಳಗಿನವರಿಗೆ ಹೊರಗಿನದೂ ಕಾಣುವುದಿಲ್ಲ ಎಂದು ನಾನು ಸೇರಿಸಿದೆ. ಕಾಲೇಜು ಓದುತ್ತಿದ್ದೆ, ಬಾಯಿ ಜಾಸ್ತಿ. ಅಪ್ಪನೋ, ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ.

ಅಮ್ಮನಿಗೆ ಆ ವೇಳೆಗಾಗಲೇ ಹೃದಯದ ಕಾಯಿಲೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ತೋರಿಸಿಕೊಳ್ಳಲು ಬೆನ್ಸನ್ ಟೌನಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ಅವರ ಮನೆಯ ಎದುರಿಗೊಂದು ಹಳೇ ಬಂಗಲೆ. ಅದರ ಮುಂದಿನ ಕಿಟಕಿಗೆ ಮೇಲೆ ಮರದ ಚೂಪು ಟೊಪ್ಪಿಗೆ, ಮೇಲೆರಡು ಕೆಳಗೆರಡು ಬಾಗಿಲು, ಕೆಳಗೆ ಮೊಣಕೈ ಊರಿಕೊಂಡು ಕೂರುವಷ್ಟು ಅಗಲದ ಹಲಗೆ. ಒಬ್ಬ ಮುದುಕಿ ಅಲ್ಲಿ ಕೂತು ಬಟಾಣಿ ಸುಲಿಯುತ್ತ ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಅಮ್ಮನನ್ನೂ ಒಮ್ಮೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅಮ್ಮನಿಗೆ ಅರ್ಥವಾಗಲಿಲ್ಲ. ಮನೆಗೆ ಬರುವವರೆಗೂ ಅದನ್ನೇ ಹೇಳಿಕೊಂಡು ನಕ್ಕಳು.

ಆ ದಿನವೇ ಅಪ್ಪನನ್ನು ಕೇಳಿದಳು. "ಟೊಪ್ಪಿಗೆಯೆಲ್ಲ ನಂಗೆ ಬೇಡ ರೀ. ನನ್ನ ರೂಮಿಗೊಂದು ಮರದ ಕಿಟಕಿ, ಮಂಚದ ಮಟ್ಟಕ್ಕೆ. ಮಲಗಿದ್ದ ಕಡೆಯಿಂದ್ಲೇ ರಸ್ತೆ ಕಾಣ್ಬೇಕು."

"ಸುತ್ತ ಬರೀ ಬಯಲು. ಥಂಡಿ ಗಾಳಿ ನೇರ ಎದೆಗೇ ಬಡಿಯತ್ತೆ. ಕಳ್ಳಕಾಕರ ಭಯ ಬೇರೆ," ಎಂದರು ಅಪ್ಪ.

"ಥಂಡಿ ಆದ್ರೆ ಕೆಳಗಿನ ಎರಡು ಬಾಗಿಲು ಹಾಕ್ಕೋತೀನಿ. ನಾಲ್ಕು ಇರೋದು ಅದಕ್ಕೇ ಅಲ್ವೇ?"

ಅಪ್ಪ ಉತ್ತರ ಕೊಡಲಿಲ್ಲ. ಉತ್ತರ ಕೊಡದಿದ್ದರೆ ಇಲ್ಲ ಎಂದರ್ಥ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ.

ಮನೆ ಕಟ್ಟುತ್ತಿದ್ದವರು ಹಲಸೂರಿನ ಒಬ್ಬ ಮೇಸ್ತ್ರಿ. ಮನೆಮಾತು ತಮಿಳು, ಕನ್ನಡವೂ ನೀರು ಕುಡಿದಷ್ಟು ಸಲೀಸು. ಈ ಕಿಟಕಿಯ ತಕರಾರು ಅವರ ಕಿವಿಗೂ ಬಿದ್ದಿತ್ತು. ಉಳಿದ ಕಡೆ ಕಬ್ಬಿಣದ ಕಿಟಕಿ ಕೂರಿಸಿ, ಅಮ್ಮನ ಕೋಣೆಯಲ್ಲಿ ಮಾತ್ರ ಗೋಡೆಯನ್ನು ಅಷ್ಟಗಲ ಹಾಗೇ ತೆರೆದು ಬಿಟ್ಟಿದ್ದರು. "ನೀವು ಒಂದು ತೀರ್ಮಾನಕ್ಕೆ ಬನ್ನಿ ಸಾರ್, ಅಲ್ಲೀವರ್ಗೂ ಇದು ಹಿಂಗೇ ಇರ್ಲಿ," ಎಂದಿದ್ದರು.

ಒಂದು ದಿನ ಡಾಕ್ಟರು ಅಪ್ಪನನ್ನು ಒಬ್ಬರನ್ನೇ ಒಳಗೆ ಕರೆದು ಮಾತಾಡಿದರು. ಇನ್ನು ಅಮ್ಮ ಮಂಚ ಬಿಟ್ಟು ಹೆಚ್ಚು ಏಳುವ ಹಾಗಿಲ್ಲ ಎಂದು ಹೇಳಿರಬೇಕು. ಮಾರನೆಯ ಬೆಳಿಗ್ಗೆ ಅಪ್ಪ ಕಾರ್ಖಾನೆಯ ಬಸ್ಸು ಹಿಡಿಯುವ ಮೊದಲು ಸೈಟಿಗೆ ಹೊರಟರು. ನಾನೂ ಜೊತೆಗಿದ್ದೆ. ದಾರಿಯಲ್ಲಿ, "ಅವಳು ಕೇಳಿದ ಕಿಟಕೀನೇ ಇಡ್ಸೋಣ. ಅಮ್ಮಂಗೆ ಹೇಳ್ಬೇಡ. ಮನೆಗೆ ಬಂದಾಗ ನೋಡ್ಲಿ," ಎಂದರು. ಅವರ ಮುಖದಲ್ಲಿ ಅಷ್ಟು ಸಂಕೋಚವನ್ನು ನಾನು ಕಂಡಿರಲಿಲ್ಲ. ಮೇಸ್ತ್ರಿ ಮಹಡಿಯ ಮೇಲೆ ತಾರಸಿಯ ಕೆಲಸದಲ್ಲಿದ್ದರು. ಬಸ್ಸಿಗೆ ಹೊತ್ತಾಗಿತ್ತು. ಅಪ್ಪ ರಸ್ತೆಯಿಂದಲೇ ಕೂಗಿದರು:

"ಮೇಸ್ತ್ರೀ, ಆ ರೂಮಿನ ಕಿಟಕಿ ಹಾಕ್ಬಿಡಿ! ಮಿಕ್ಕಿದ್ದು ನಾಳೆ ಬಂದು ಹೇಳ್ತೀನಿ!"

"ಆಯ್ತು ಸಾರ್, ಹಾಕ್ಬಿಡ್ತೀನಿ!"

ಆ ನಾಳೆ ಬರಲಿಲ್ಲ. ಅಂದೇ ಸಂಜೆ ಅಮ್ಮನಿಗೆ ಉಸಿರು ಸಿಕ್ಕದೆ ಆಸ್ಪತ್ರೆಗೆ ಸೇರಿಸಿದೆವು. ವಾರಗಟ್ಟಲೆ ಅಪ್ಪ ಅಲ್ಲಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಅಲ್ಲಿಗೆ ಓಡಾಡಿದರು. ಸೈಟಿನ ಕಡೆ ಯಾರೂ ತಲೆ ಹಾಕಲಿಲ್ಲ. ಗೃಹಪ್ರವೇಶದ ಹಿಂದಿನ ದಿನ ಹೋಗಿ ನೋಡಿದರೆ, ಅಮ್ಮನ ಕೋಣೆಯ ಆ ಜಾಗಕ್ಕೆ ಇಟ್ಟಿಗೆ ಕಟ್ಟಿ, ಗಾರೆ ಬಳಿದು, ಸುಣ್ಣವನ್ನೂ ಹೊಡೆದಾಗಿತ್ತು.

"ನೀವೇ ತಾನೇ ಸಾರ್ ಹಾಕ್ಬಿಡಿ ಅಂದಿದ್ದು?" ಎಂದರು ಮೇಸ್ತ್ರಿ. ಹೊಸದಾಗಿ ಕೂರಿಸುವುದೂ ಹಾಕುವುದೇ, ಇದ್ದದ್ದನ್ನು ಮುಚ್ಚುವುದೂ ಹಾಕುವುದೇ. ಅಪ್ಪ ಯಾರನ್ನು ಬೈಯಬೇಕು? ಇಂಥ ಭಾಷೆಯನ್ನು ಕಟ್ಟಿದ ಪುಣ್ಯಾತ್ಮರು ಯಾರೋ, ಆ ಹೊತ್ತಿನಲ್ಲಿ ಎದುರಿಗೆ ಸಿಕ್ಕಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊಸ ಮನೆಗೆ ಕರೆತಂದೆವು. ಕೋಣೆಗೆ ಬಂದವಳು ಆ ಗೋಡೆಯನ್ನು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಬೆಚ್ಚಗಿದೆ ರೀ," ಎಂದಳು. ಅಷ್ಟೇ. ಜಗಳವಾಡಿದ್ದರೆ ನಮಗೆಲ್ಲ ಎಷ್ಟೋ ಸುಲಭವಾಗುತ್ತಿತ್ತು.

ಅಪ್ಪ ತಡಬಡಾಯಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದರು. ಮನಸ್ಸಿನದನ್ನು ಹೇಳಿ ಅಭ್ಯಾಸವಿಲ್ಲದವರು, ನಿಜವನ್ನು ಹೇಳಿದರೂ ಸುಳ್ಳಿನ ಹಾಗೆ ಕೇಳಿಸಿತು. ನಾನು ಸಾಕ್ಷಿಗೆ ನಿಂತೆ. "ನಾನೇ ಇದ್ದೆ ಕಣಮ್ಮ. ಆ ರೂಮಿನ ಕಿಟಕಿ ಹಾಕ್ಬಿಡಿ ಅಂತ ಅಪ್ಪ ಕೂಗಿದ್ದನ್ನ ಕಿವಿಯಾರೆ ಕೇಳಿದೀನಿ."

"ನಾನೂ ಅದನ್ನೇ ಹೇಳ್ತಿರೋದು," ಎಂದಳು ಅಮ್ಮ. "ಹಾಕ್ಬಿಡಿ ಅಂದ್ರು, ಹಾಕಿದ್ರು. ಹೋಗ್ಲಿ ಬಿಡು, ಅಪ್ಪನ ಪರ ವಕಾಲತ್ತು ಸಾಕು."

ನಾಳೆಯೇ ಗೋಡೆ ಒಡೆಸುತ್ತೇನೆ ಎಂದರು ಅಪ್ಪ. ಅದಕ್ಕೂ ಅಮ್ಮ ಒಪ್ಪಲಿಲ್ಲ. ಬಸುರಿ ಅಕ್ಕ ಗೃಹಪ್ರವೇಶಕ್ಕೆಂದು ಬಂದು ಅಲ್ಲೇ ಉಳಿದಿದ್ದಳು. "ಬಸುರಿ ಇರೋ ಮನೇಲಿ ಗೋಡೆ ಒಡೀತಾರೇನ್ರೀ? ಅವಳ ಬಾಣಂತನ ಮುಗೀಲಿ." ಮನೆಯಲ್ಲಿ ಬಸುರಿ ಇದ್ದರೆ ಗೃಹಪ್ರವೇಶವನ್ನೂ ಮಾಡುವ ಹಾಗಿಲ್ಲ. ಕೊಟ್ಟ ಹೆಣ್ಣು ಆ ಶಾಸ್ತ್ರಕ್ಕೆ ಹೊರಗಿನವಳು, ಗೋಡೆ ಒಡೆಯುವುದಕ್ಕೆ ಮಾತ್ರ ಮನೆಯವಳು! ನಾನು ಎಗರಾಡಿದೆ. ಅಮ್ಮ ಕೇಳಲಿಲ್ಲ. ಬೇರೆ ಕೋಣೆಗೆ ಮಂಚ ಹಾಕೋಣವೆಂದರೆ ಎಲ್ಲ ಕಡೆಯೂ ಅದೇ ಎದೆಮಟ್ಟದ ಮಬ್ಬು ಗಾಜು.

ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ, "ದಂಟಿನ ಸೊಪ್ಪಿದ್ಯೇನೇ, ಕೇಳು," ಎನ್ನುತ್ತಿದ್ದಳು. ನಾನು ಓಡಿಹೋಗಿ ಕೇಳಿಕೊಂಡು ಬಂದು ಹೇಳಬೇಕು. ಅಪ್ಪ ದಿನವೂ, "ಇನ್ನೆಷ್ಟು ದಿನ, ಒಡೆಸೇಬಿಡ್ತೀನಿ," ಎನ್ನುವರು. "ಆಗ್ಲಿ ರೀ," ಎನ್ನುವಳು, ಹಟ ಮಾಡುವ ಮಗುವನ್ನು ಸಮಾಧಾನ ಮಾಡುವ ಹಾಗೆ. ಅವರು ಒಂದೇ ಒಂದು ಸಲ ತನ್ನ ಮಾತು ನಡೆಸಿಕೊಡಲು ಹೊರಟಿದ್ದರು ಎಂಬುದನ್ನು ಅವಳು ಕೊನೆಗೂ ನಂಬಲಿಲ್ಲ. ಅಕ್ಕನ ಹೆರಿಗೆಗೆ ಮೊದಲೇ, ಒಂದು ಮಧ್ಯಾಹ್ನ, ಆ ಗೋಡೆಯ ಪಕ್ಕದಲ್ಲೇ ಹೋಗಿಬಿಟ್ಟಳು.

ಸಾವಾದ ಮನೆಯಲ್ಲಿ ಬಸುರಿ ಇರಬಾರದೆಂದು ಅಕ್ಕನನ್ನು ಅತ್ತೆಮನೆಯವರು ಕರೆದುಕೊಂಡು ಹೋದರು. ಇನ್ನು ಗೋಡೆ ಒಡೆಯಲು ಯಾವ ಅಡ್ಡಿಯೂ ಇರಲಿಲ್ಲ. ವೈಕುಂಠ ಸಮಾರಾಧನೆ ಕಳೆದ ಮೇಲೆ ಅಪ್ಪ ಮೇಸ್ತ್ರಿಗೆ ಹೇಳಿಕಳಿಸಿದರು. ಮರದ ಚೌಕಟ್ಟು, ನಾಲ್ಕು ಬಾಗಿಲು, ಅಗಲದ ಹಲಗೆ, ಎಲ್ಲ ಅವಳು ಹೇಳಿದ ಹಾಗೇ ಆಯಿತು.

ಕೆಲಸ ಮುಗಿದ ದಿನ ಅಪ್ಪ ಅವಳ ಮಂಚದ ಮೇಲೆ, ಅವಳು ತಲೆಯಿಡುತ್ತಿದ್ದ ಕಡೆಗೇ ತಲೆಯಿಟ್ಟು ಮಲಗಿ ನೋಡಿದರು. ಎತ್ತರ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಎಷ್ಟು ಹೊತ್ತಾದರೂ ಏಳಲಿಲ್ಲ.

"ರಸ್ತೆ ಕಾಣತ್ತಾ ಅಪ್ಪ?" ಎಂದು ಕೇಳಿದೆ.

"ಕಾಣತ್ತೆ," ಎಂದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು: "ಅವಳು ಕೇಳಿದಾಗ ಬಾಯಿಬಿಟ್ಟು ಒಂದು ಹೂಂ ಅಂದಿದ್ರೆ ಸಾಕಾಗಿತ್ತು ಕಣೇ."