ಪಕ್ಕದ ಸೀಟಿನ ಸಪ್ಪಳ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವೀರೇಂದ್ರ, ಚೀಲದೊಳಗೆ ಕೈ ಹಾಕಿದಾಗ ಬಣ್ಣಗೆಟ್ಟ ಕಾಯಿ ಒಂದೇ ಸಿಕ್ಕರೂ ಇಡೀ ಚೀಲವನ್ನೇ ಬೇಡವೆನ್ನುವ ಮನುಷ್ಯ. ಹೋದ ವರ್ಷ ಕೊಂಡ ಕೆಂಪು ಸ್ಪೋರ್ಟ್ಸ್ ಕಾರನ್ನೂ ಅದೇ ಕಣ್ಣಿನಿಂದ ನೋಡಿದ. ರಸ್ತೆಯಲ್ಲಿ ಹಂಪು ಬಂದಲ್ಲೆಲ್ಲ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು, ಅದನ್ನು ಸಹಿಸಿಕೊಂಡ. ಪಕ್ಕದ ಸೀಟಿನ ಕಿರಕಿರ ಸಪ್ಪಳವನ್ನು ಮಾತ್ರ ಸಹಿಸಲಿಲ್ಲ. ಅದು ನಿಲ್ಲುವವರೆಗೆ ಅಲ್ಲಿ ಯಾರನ್ನೂ ಕೂರಿಸಬಾರದೆಂದು ಖಾಲಿಯೇ ಇಟ್ಟ.

“ಒಮ್ಮೆ ದೇವರಗುಡ್ಡಕ್ಕ ಕರಕೊಂಡು ಹೋಗೋ,” ಎಂದು ತಾಯಿ ಸುಶೀಲವ್ವ ಕೇಳಿದಾಗಲೆಲ್ಲ, “ತಡಿ ಯವ್ವಾ, ಗಾಡಿ ಸರಿ ಆಗ್ಲಿ. ಇಂಥಾದ್ರಾಗ ನಿನ್ನ ಕುಂದ್ರಸಂಗಿಲ್ಲ,” ಎನ್ನುತ್ತಿದ್ದ.

ಮೂರು ಸಲ ಕಾರನ್ನು ಹುಬ್ಬಳ್ಳಿಯ ಗ್ಯಾರೇಜಿಗೆ ಒಯ್ದರೂ ಸಪ್ಪಳ ಹೋಗಲಿಲ್ಲ. ಶ್ರಾವಣದಲ್ಲಿ ಸುಶೀಲವ್ವ ಮಲಗಿದಲ್ಲೇ ತೀರಿಕೊಂಡಳು.

ತಿಂಗಳ ಮೇಲೆ ರಾಣೆಬೆನ್ನೂರಿನ ಮೆಕ್ಯಾನಿಕ್ ಮೈಲೇಶ, ಸಪ್ಪಳ ಕೇಳಬೇಕೆಂದು ತಾನೇ ಪಕ್ಕದ ಸೀಟಿನಲ್ಲಿ ಕುಳಿತ. ಹಲಗೇರಿಯವರೆಗೆ ಹೋದರೂ ಒಂದು ಸದ್ದಿಲ್ಲ. ಅವನು ಇಳಿದು ನಿಂತ ಮೇಲೆ ವೀರೇಂದ್ರ ಒಬ್ಬನೇ ಓಡಿಸಿದಾಗ ಸಪ್ಪಳ ಮತ್ತೆ ಶುರುವಾಯಿತು.

“ಖಾಲಿ ಸೀಟು ಅದುರತೈತ್ರಿ ಸಾವ್ಕಾರ್ರ. ಇಷ್ಟು ಬಿಗಿ ಸ್ಪ್ರಿಂಗಿನ ಗಾಡಿ ಅಂದಮ್ಯಾಲ ಅದು ಇರೂದ. ಯಾರರ ಕುಂತ್ರ ಸಪ್ಪಳ ಬರಂಗಿಲ್ಲ. ಬಿಚ್ಚಿ ಪ್ಯಾಕಿಂಗ್ ಹಾಕ್ಲೇನ್ರಿ?”

ಚೀಲಕ್ಕೆ ಹಾಕುವ ಕೈಯನ್ನು ವೀರೇಂದ್ರ ಆ ಸೀಟಿನ ಮೇಲಿಟ್ಟ.

“ಬ್ಯಾಡ. ಇರಲಿ ಬಿಡು,” ಎಂದ.