ತೋತುಯಾ ಮನೆಯ ಇಬ್ಬರು ಸೊಸೆಯರು

ಕುಂದುಜ್ ನಮ್ಮೂರಿಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಮಾವ ತೀರಿಕೊಂಡು ನಲವತ್ತು ದಿನ ತುಂಬಿದ ವಾರದಲ್ಲೇ ಮದುವೆಯಾದದ್ದರಿಂದ ಹಾಡೂ ಇಲ್ಲ, ಊಟವೂ ಇಲ್ಲ. ಹೊಸ ಸೊಸೆಯ ತಲೆಗೆ ಅತ್ತೆ ಕಟ್ಟಬೇಕಾದ ಬಿಳಿ ವಸ್ತ್ರವೂ ಇಲ್ಲ. "ವರ್ಷ ಕಳೀಲಿ, ಹಿರಿಯರನ್ನ ಕೂರಿಸಿ ಕಟ್ತೀನಿ" ಎಂದಿದ್ದಳು ಅತ್ತೆ ತೋತುಯಾ. ಆ ರೇಷ್ಮೆ ವಸ್ತ್ರ ಪೆಟ್ಟಿಗೆಯ ತಳದಲ್ಲೇ ಉಳಿಯಿತು. ಪ್ರತಿ ವಸಂತದಲ್ಲೂ ಕುಂದುಜ್ ಅದನ್ನು ತಾನೇ ಬಿಸಿಲಿಗೆ ಹಾಕಿ, ನುಸಿ ಹಿಡಿಯದಂತೆ ಮಡಿಸಿಡುತ್ತಿದ್ದಳು. ಕೇಳಲಿಲ್ಲ. ಸೊಸೆ ಬಾಯಿಬಿಟ್ಟು ಕೇಳುವಂಥದ್ದಲ್ಲ ಅದು.

ಕಳೆದ ಸೆಪ್ಟೆಂಬರಿನಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಟಿವಿಯವರು ಬಂದರು. ಕಾರ್ಯಕ್ರಮದ ಹೆಸರು 'ಸ್ಟಾರ್ ಸೊಸೆ'. ಹೆಸರಾಂತ ಗಾಯಕಿಯರು ಒಬ್ಬೊಬ್ಬರೂ ಒಂದೊಂದು ಹಳ್ಳಿಮನೆಯಲ್ಲಿ ಏಳು ದಿನ ಸೊಸೆಯಾಗಿ ದುಡಿಯಬೇಕು. ಯಾರು ಒಳ್ಳೆಯ ಸೊಸೆ ಎಂದು ದೇಶ ನೋಡಿ ಓಟು ಹಾಕಬೇಕು. ತೋತುಯಾ ಮನೆಗೆ ಬಂದವಳು ಬೇಗಾಯಿಮ್. ಅವಳ ಹಾಡು ಹಾಕದ ಮಿನಿಬಸ್ ಈ ಕಣಿವೆಯಲ್ಲೇ ಇಲ್ಲ.

ನಿರ್ದೇಶಕ ಚೋರೋ ಬಂದವನೇ ಕುಂದುಜ್‌ಗೆ ಹೇಳಿದ: "ಒಂದ್ಮನೇಲಿ ಇಬ್ರು ಸೊಸೇರು ಕಂಡ್ರೆ ಚೆನ್ನಾಗಿರಲ್ಲ ಅಕ್ಕ. ನೀವು ಕ್ಯಾಮೆರಾಗೆ ಬೀಳ್ಬೇಡಿ."

ಅವಳು ಬೀಳಲಿಲ್ಲ, ಅವಳ ಕೈ ಬಿತ್ತು. ಬೇಗಾಯಿಮ್‌ಳ ಉದ್ದ ಉಗುರಿಗೆ ಹಿಟ್ಟೂ ಒಗ್ಗದು, ಹಸುವಿನ ಕೆಚ್ಚಲೂ ಒಗ್ಗದು. "ಮುಖ ಬೇಡ, ಕೈ ಸಾಕು" ಎಂದು ಸ್ಟಾರ್‌ನ ಉಂಗುರಗಳನ್ನು ಕುಂದುಜ್‌ಳ ಬೆರಳಿಗೆ ತೊಡಿಸಿದರು. ಗೆಣ್ಣು ದಾಟಲಿಲ್ಲ. ಸಾಬೂನು ಹಚ್ಚಿ ತುರುಕಿದರು.

ಮೊದಲ ದಿನ ಬೇಗಾಯಿಮ್ ಅತ್ತೆಗೆ ಬಟ್ಟಲು ತುಂಬ ಚಹಾ ಕೊಟ್ಟಳು. ನಮ್ಮಲ್ಲಿ ಅರ್ಧ ಬಟ್ಟಲು ಕೊಟ್ಟರೆ ಇನ್ನೂ ಕೂತಿರಿ ಎಂದು ಅರ್ಥ. ತುಂಬ ಕೊಟ್ಟರೆ ಕುಡಿದು ಹೊರಡಿ ಎಂದು.

"ಅಯ್ಯೋ, ಬಂದ ದಿನಾನೇ ನನ್ನ ಓಡಿಸ್ತೀಯೇನೇ ಹುಡುಗಿ?" ಎಂದಳು ತೋತುಯಾ. ಊರೆಲ್ಲ ನಕ್ಕಿತು. ಬೇಗಾಯಿಮ್ ಕುರಿ ಕಾಯುವವನ ಮಗಳು, ಅವಳಿಗೆ ಇದು ಗೊತ್ತಿಲ್ಲದ್ದಲ್ಲ. ತಪ್ಪನ್ನು ಬರೆದುಕೊಟ್ಟವನು ಚೋರೋ. ಮೂರು ಸಲ ಮಾಡಿಸಿದ.

ಏಳನೆಯ ದಿನ ಅವನು ತೋತುಯಾಳನ್ನು ಪಕ್ಕಕ್ಕೆ ಕರೆದ. "ಅಮ್ಮಾ, ಕೊನೆಗೆ ಕಣ್ಣಲ್ಲಿ ನೀರು ಬರೋ ಹಾಗೆ ಏನಾದ್ರೂ ಬೇಕಲ್ಲ. ಬಿಳಿ ವಸ್ತ್ರ ಇದ್ಯಾ?"

ಅಂಗಳದಲ್ಲಿ ಆಗಲೇ ಊರು ಹೊಸ ಬಟ್ಟೆ ಹಾಕಿ ಕೂತಿತ್ತು. ಮುದುಕಿ ಒಮ್ಮೆ ಕುಂದುಜ್ ಕಡೆ ನೋಡಿದಳು, ಒಮ್ಮೆ ಜನದ ಕಡೆ.

"ಇದೆ."

ಪೆಟ್ಟಿಗೆಯಿಂದ ತಂದುಕೊಟ್ಟವಳು ಕುಂದುಜ್.

ತೋತುಯಾ ವಸ್ತ್ರವನ್ನು ಬೇಗಾಯಿಮ್‌ಳ ತಲೆಗೆ ಕಟ್ಟಿದಳು. ಹಿರಿಯರು ಅಂಗೈ ಎತ್ತಿ ಹರಸಿದರು. ಪಕ್ಕದ ಮನೆಯವಳು ಕುಂದುಜ್‌ಳ ಕಿವಿಯಲ್ಲಿ ಪಿಸುಗುಟ್ಟಿದಳು: "ಒಂಬತ್ತು ವರ್ಷ ಕಾದೋಳು ನೀನು, ಕಟ್ಟಿಸ್ಕೊಂಡೋಳು ವಾರದವಳು!"

"ಸುಮ್ನಿರೇ, ಮೈಕ್ ಇದೆ."

ಅಲ್ಲಿ ನಾವೆಲ್ಲ ಇದ್ದೆವು. ಆಮೀನ್ ಎಂದು ಮುಖ ಸವರಿಕೊಂಡೆವು. ಆ ವಸ್ತ್ರ ಯಾರದೆಂದು ಗೊತ್ತಿದ್ದವರೂ ಕ್ಯಾಮೆರಾದಲ್ಲಿ ಬರುವ ಆಸೆಗೆ ನಾಲಿಗೆ ಕಚ್ಚಿಕೊಂಡೆವು.

"ಅಕ್ಕ, ಕೈ ಬೇಕು, ಚಹಾ ಶಾಟು" ಎಂದು ಚೋರೋ ಕೂಗಿದ. ಮತ್ತೆ ಸಾಬೂನು, ಮತ್ತೆ ಉಂಗುರ. ಕುಂದುಜ್ ಚಹಾ ನೀರು ಕಾಯಿಸುವ ಸಮೋವಾರಿನ ಮುಂದೆ ಕೂತು ಬೇಗಾಯಿಮ್‌ಳ ಬಟ್ಟಲನ್ನು ಅಂಚಿನವರೆಗೆ ತುಂಬಿದಳು. ಚೋರೋನ ಬಟ್ಟಲು ತುಂಬಿ ಹಾಸಿನ ಮೇಲೂ ಚೆಲ್ಲಿತು.

"ಕುಡೀರಿ" ಎಂದಳು.

ಯಾರೂ ನಗಲಿಲ್ಲ. ಚೋರೋ ಮಾತ್ರ ಹಲ್ಲು ಕಿರಿದ. "ಆ ಜೋಕು ಮೊದಲ್ನೇ ದಿನಾನೇ ಆಯ್ತಲ್ಲ ಅಕ್ಕ."

"ಅದು ನೀವು ಬರ್ಕೊಟ್ಟಿದ್ದು. ಇದು ನಾನು ಹಾಕಿದ್ದು."

ಬೇಗಾಯಿಮ್ ತಲೆ ತಗ್ಗಿಸಿದಳು. ವಸ್ತ್ರ ಬಿಚ್ಚಲು ಕೈ ಎತ್ತಿದಳು. "ಹಾಗೇ ಇರ್ಲಿ, ಇನ್ನೂ ಶಾಟಿದೆ" ಎಂದ ಚೋರೋ. ಎತ್ತಿದ ಕೈ ಕೆಳಗಿಳಿಯಿತು.

ತೋತುಯಾ ತನ್ನ ಬಟ್ಟಲು ಚಾಚಿದಳು, ಕಣ್ಣೆಲ್ಲ ಸೊಸೆಯ ಕೈ ಮೇಲೆ. ಕುಂದುಜ್ ಎಂದಿನಂತೆ ಅರ್ಧವೇ ಹಾಕಿದಳು, ಎಂದಿನಂತೆ ಎರಡು ಚಮಚ ಕೆನೆ. ಮುದುಕಿ ಅದನ್ನು ಹಿಡಿದುಕೊಂಡೇ ಕೂತಳು. ಚಹಾ ಆರಿ ಕೆನೆಗಟ್ಟಿತು, ಬಾಯಿಗೆ ಹೋಗಲಿಲ್ಲ.

ವಸ್ತ್ರ ವ್ಯಾನಿನಲ್ಲಿ ಹೋಯಿತು. ಟಿವಿಯಲ್ಲಿ ತುಂಬಿದ ಬಟ್ಟಲುಗಳು ಬರಲಿಲ್ಲ. ಹಿಟ್ಟು ನಾದುವ ಕೈ ಬಂತು, ಹಾಲು ಕರೆಯುವ ಕೈ ಬಂತು. ಎಂಥ ಕೆಲಸದ ಕೈ ಎಂದು ದೇಶ ಮೆಚ್ಚಿ ಬೇಗಾಯಿಮ್‌ಳನ್ನು ಗೆಲ್ಲಿಸಿತು.