ಮುದ್ದೆ ಅಳೆದ ಕಾಂಪೌಂಡರು

...ಕಾಂಪೌಂಡರ್ ಸಾಬರ ಬಲಗೈ ಹೆಬ್ಬೆರಳೇ ಇರಬೇಕು. ಅಯೋಡಿನ್ ಹತ್ತಿ ಹತ್ತಿ ಅದರ ಉಗುರು ಹುರಿದ ಹುಣಸೆ ಬೀಜದ ಹಾಗೆ ಕಂದಿಹೋಗಿತ್ತು. ಆದರೆ ನೆನಪಿನಲ್ಲಿ ಅವರು ಗಾಜಿನ ನಳಿಗೆಯನ್ನು ಎಡಗೈಯಲ್ಲೂ ಹಿಡಿದಿರುತ್ತಾರೆ. ಕಿಟಕಿಯ ಬೆಳಕು ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಬರುತ್ತದೆ. ಅದು ಮದ್ದೂರಿನ ದವಾಖಾನೆಯೋ ಮಂಡ್ಯದ್ದೋ ಎಂದು ಆಣೆಯಿಟ್ಟು ಹೇಳಲಾರೆ. ಎರಡು ಕಡೆಗೂ ಅಪ್ಪನನ್ನು ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದೆವು. ಈಗ ಎರಡೂ ಕಟ್ಟಡಗಳು ಒಂದರೊಳಗೊಂದು ಕರಗಿ ಒಂದೇ ಉದ್ದನೆಯ ಜಗಲಿಯಾಗಿವೆ. ಅದರ ಕೊನೆಯಲ್ಲಿ ಕಾಂಪೌಂಡರ್ ಸಾಬರು ಸ್ಪಿರಿಟ್ ದೀಪದ ಮುಂದೆ ಕೂತಿದ್ದಾರೆ.

ನಳಿಗೆಯಲ್ಲಿದ್ದದ್ದು ಒಂದು ನೀಲಿ ದ್ರಾವಣ, ಅದಕ್ಕೆ ಬಿಟ್ಟ ಅಪ್ಪನ ಉಚ್ಚೆಯ ಕೆಲವು ಹನಿ. ಕಾಸಿದಾಗ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ದಾಟಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ವಿಪರೀತ. ಅಪ್ಪನದು ಇಟ್ಟಿಗೆ. ಕಬ್ಬಿನ ಕೂಳೆ ಚುಚ್ಚಿದ ಪಾದ ಮೂರು ತಿಂಗಳಾದರೂ ಮಾಗಿರಲಿಲ್ಲ. ಹೀಗೇ ಇದ್ದರೆ ಮೈಸೂರಿಗೆ ಕಳಿಸಿ ಪಾದ ತೆಗೆಸಬೇಕಾಗುತ್ತದೆ ಎಂದು ಡಾಕ್ಟರರು ಹೇಳಿದ್ದರು. ಅಪ್ಪ ಉಳುವ ಮನುಷ್ಯ. ಆ ಮಾತು ಕೇಳಿದ ಮೇಲೆ ದಾರಿಯುದ್ದಕ್ಕೂ ಅವನು ಎತ್ತುಗಳ ಕಾಲನ್ನೇ ನೋಡುತ್ತಿದ್ದ.

ಕಾಯಿಲೆ ಏನೆಂದು ಅವನಿಗೆ ತಿಳಿಸಿದವರು ಕಾಂಪೌಂಡರ್ ಸಾಬರು. ಹೊಟ್ಟೆಯ ಹಿಂದೆ ಒಂದು ಗ್ರಂಥಿ ಇದೆ, ಅದರ ರಸ ನೀರುಗಂಟಿ ಇದ್ದ ಹಾಗೆ ಎಂದರು. ನಾಲೆ ತುಂಬ ನೀರು ಹರಿಯುತ್ತಿದೆ, ನೀರುಗಂಟಿ ಮಲಗಿದ್ದಾನೆ, ತೂಬು ತೆಗೆಯುವವರಿಲ್ಲ. ನಿಮ್ಮ ಮೈಯೆಂಬ ಗದ್ದೆ ಒಣಗುತ್ತಿದೆ.

"ಆ ನೀರುಗಂಟೀನ ಬದಲಾಯ್ಸಾಕಾಗಾಕಿಲ್ವಾ ಸಾಬ್ರೇ?" ಎಂದ ಅಪ್ಪ.

"ಬದಲಿ ನೀರುಗಂಟಿ ಸೂಜಿ ಮದ್ದಿನೊಳ್ಗವ್ನೆ ಗೌಡ್ರೇ. ಅವ್ನು ಹಡಗಲ್ಲಿ ಬರ್ಬೇಕು. ಯುದ್ಧ ಮುಗಿಯೋಗಂಟ ನಂಬಂಗಿಲ್ಲ. ಅಲ್ಲೀಗಂಟ ನಾಲೆಗೇ ನೀರು ಕಮ್ಮಿ ಬುಡಾಣ."

ನಾಲೆಯ ನೀರು ಎಂದರೆ ಊಟ. ಡಾಕ್ಟರರ ಪುಸ್ತಕದಲ್ಲಿ ಇಷ್ಟು ಹೋಳು ಬ್ರೆಡ್ಡು ಎಂದು ಬರೆದಿತ್ತು. ಬ್ರೆಡ್ಡನ್ನು ಅಪ್ಪ ಜ್ವರ ಬಂದವರ ತಲೆದಿಂಬಿನ ಬಳಿ ಮಾತ್ರ ಕಂಡಿದ್ದ. ಸಾಬರು ಅದನ್ನು ನಮ್ಮ ಊಟಕ್ಕೆ ತಿರುಗಿಸಿ ಚೀಟಿ ಬರೆದುಕೊಟ್ಟರು: ಮಧ್ಯಾಹ್ನ ಒಂದು ಮುದ್ದೆ, ಸಂಜೆ ಒಂದು ಮುದ್ದೆ, ಸೊಪ್ಪು ಎಷ್ಟಾದರೂ, ಬೆಲ್ಲ ಕೂಡದು. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಅವ್ವನಿಗೆ ಓದಿ ಹೇಳಿದೆ.

ಮೂರು ವಾರ ಕಳೆದರೂ ನಳಿಗೆ ಇಟ್ಟಿಗೆಯ ಬಣ್ಣ ಬಿಡಲಿಲ್ಲ. ಅಪ್ಪ ಕದ್ದು ಬೆಲ್ಲ ತಿನ್ನುತ್ತಾನೆಂದು ಡಾಕ್ಟರರು ಗದರಿದರು. ಸಾಬರು ಒಂದು ಮಧ್ಯಾಹ್ನ ಸೈಕಲ್ಲು ತುಳಿದುಕೊಂಡು ನಮ್ಮ ಹಳ್ಳಿಗೇ ಬಂದರು. ಜಗಲಿಯ ಮೇಲೆ ಕೂತರು. ಒಳಗೆ ಅಪ್ಪ ಆಳುಗಳ ಎದುರು ಉಣ್ಣಲು ಕುಳಿತಿದ್ದ. ಸಾಬರು ಎದ್ದು ಹೊಸ್ತಿಲಾಚೆ ನಿಂತು ಅಪ್ಪನ ತಣಿಗೆಯನ್ನು ಬಹಳ ಹೊತ್ತು ನೋಡಿದರು. ಬಹಳ ಹೊತ್ತು ಎನ್ನುವುದು ನನ್ನ ಸೇರ್ಪಡೆ ಇರಬಹುದು.

"ಏನವ್ವಾ ಇದು, ಮುದ್ದೆಯೋ ಗುಂಡುಕಲ್ಲೋ?"

"ಒಂದೇ ಕಣ್ ಸಾಬ್ರೇ," ಎಂದಳು ಅವ್ವ. "ಚೀಟೀಲಿ ಬರ್ದಂಗೆ ಒಂದೇ. ನನ್ ಮಗ್ಳೇ ಓದಿದ್ಲು, ಕೇಳಿ. ಆಳುಗೋಳು ಎದುರ್ಗೆ ಕುಂತವ್ರೆ. ಯಜಮಾನ್ರ ತಣಿಗೇಲಿ ನಿಂಬೆಹಣ್ಣಿನಂಗೆ ಮಡುಗಿದ್ರೆ ಏನಂದ್ಕಂಡಾರು?"

ಅವ್ವ ಮೂರು ಮುದ್ದೆ ಸೇರಿಸಿ ಒಂದು ಕಟ್ಟುತ್ತಿದ್ದಳು. ಒಲೆಯ ಮುಂದೆ ಹಿಟ್ಟು ತೊಳಸುತ್ತಿದ್ದವಳು ನಾನು. ದಿನವೂ ಕಣ್ಣಾರೆ ಕಂಡಿದ್ದೆ. ಚೀಟಿಯ ಮಾತು ಮೀರಿಲ್ಲವಲ್ಲ ಎಂದೋ, ಅವ್ವನ ಮುಖ ನೋಡಿಯೋ ಸುಮ್ಮನಿದ್ದೆ.

ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ. ಸಾಬರು ಬೈಯಲಿಲ್ಲ. "ತಪ್ಪು ನಂದೇ. ಎಷ್ಟು ಅಂತ ಬರ್ದೆ, ಏಟು ದಪ್ಪ ಅಂತ ಬರೀನಿಲ್ಲ," ಎಂದರು. ಅಪ್ಪ ನಗುತ್ತ ತನ್ನ ಮುಷ್ಟಿ ಮುಂದೆ ಚಾಚಿ, ಹಾಗಾದರೆ ಇದರ ಅಳತೆ ಇರಲಿ ಎಂದ. ಅದೇನೂ ಸಣ್ಣದಲ್ಲ.

"ನಿಮ್ದಲ್ಲ ಗೌಡ್ರೇ, ಕಟ್ಟೋರ್ದು. ಅವ್ವಾ, ನಿನ್ ಮುಷ್ಟಿ ಹಿಡಿ. ಅಷ್ಟೇ. ಎಲ್ಲಾರ್ಗೂ ಅಷ್ಟೇ ಗಾತ್ರ ಕಟ್ಟು. ಆಳುಗೋಳು ಇನ್ನೊಂದು ಈಸ್ಕಳ್ಲಿ, ಮತ್ತೊಂದು ಈಸ್ಕಳ್ಲಿ. ಇವ್ರು ಸೊಪ್ಪು ತಿಂದು ಒಂದಕ್ಕೆ ಕೈ ತೊಳೀಲಿ. ತಣಿಗೆ ನೋಡ್ದೋರ್ಗೆ ಏನೂ ಗೊತ್ತಾಗಾಕಿಲ್ಲ."

ಆಮೇಲೆ ಸಂತೆಯ ದಿನಗಳಲ್ಲಿ ಅವರು ಜೇಡಿಮಣ್ಣಿನ ಮುದ್ದೆಗಳನ್ನು ದವಾಖಾನೆಯ ಜಗಲಿಯಲ್ಲಿ ಸಾಲಾಗಿ ಇಟ್ಟು, ಬಂದ ಹೆಂಗಸರಿಗೆಲ್ಲ ಮುಷ್ಟಿ ಹಿಡಿಸಿ ಪಾಠ ಹೇಳತೊಡಗಿದರು. ತಮ್ಮ ಕಾಲೇಜಿನಲ್ಲಿ ಮುದ್ದೆಯ ಪಾಠ ಇರಲಿಲ್ಲ ಎಂದು ಡಾಕ್ಟರರು ಬಾಗಿಲಲ್ಲಿ ನಿಂತು ನಕ್ಕರು. ಮುಂದಿನ ವಾರ ಅಂಥದೊಂದು ಮಣ್ಣಿನ ಮುದ್ದೆ ಅವರ ಮೇಜಿನ ಮೇಲೂ ಇತ್ತು.

ನಳಿಗೆ ಹಸಿರಾಯಿತು. ಒಂದು ಬೆಳಗ್ಗೆ ನೀಲಿಯಾಗಿಯೇ ಉಳಿಯಿತು. ಆ ಬೆಳಗನ್ನು ನಾನು ಎಷ್ಟು ಸಲ ತೊಳೆದು ಇಟ್ಟಿದ್ದೇನೆಂದರೆ ಈಗ ಅದರಲ್ಲಿ ದವಾಖಾನೆಯ ಗೋಡೆಯೂ ನೀಲಿ, ಆಲೆಮನೆಗಳ ಹೊಗೆಯೂ ನೀಲಿ, ನಂಬಬೇಡಿ. ನಂಬಬೇಕಾದದ್ದು ಇಷ್ಟು: ಗಾಯ ಮಾಗಿತು, ಅಪ್ಪ ಮತ್ತೆ ಉತ್ತ, ಸಾಯುವವರೆಗೂ ಎರಡು ಕಾಲಿನ ಮೇಲೆ ನಡೆದ.

ಯುದ್ಧ ಮುಗಿಯುವ ಹೊತ್ತಿಗೆ ಸಾಬರಿಗೆ ಮಳವಳ್ಳಿಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ಎಷ್ಟೋ ತಿಂಗಳ ಮೇಲೆ, ಎತ್ತು ಕೊಳ್ಳಲು ಬಂದವನೊಬ್ಬನ ಬಾಯಲ್ಲಿ ನಮ್ಮ ಮನೆಗೆ ಬಂತು. ಅಪ್ಪ ಆ ಹೊತ್ತು ಉಣ್ಣಲಿಲ್ಲ.

ನಮ್ಮ ಮನೆಯ ತಣಿಗೆಗಳಲ್ಲಿ ಏನೇನು ಇರುತ್ತಿತ್ತೆಂದು ಅವರಿಗೆ ಗೊತ್ತಿತ್ತು. ಅವರ ಮನೆಯಲ್ಲಿ ಯಾರಿದ್ದರು, ಯಾರು ಬಡಿಸುತ್ತಿದ್ದರು ಎಂದು ನಾವು ಕೇಳಿದವರಲ್ಲ. ಅಷ್ಟು ದೂರ ಉರಿಬಿಸಿಲಿನಲ್ಲಿ ಬಂದು ಹೊಸ್ತಿಲಾಚೆ ನಿಂತಿದ್ದ ಮನುಷ್ಯನಿಗೆ ಅಂದು ಊಟಕ್ಕೆ ಬನ್ನಿ ಎಂದೆವೋ ಇಲ್ಲವೋ, ನನಗೆ ಗೊತ್ತಿಲ್ಲ.